ಜೇನಿನ ಪಾಲು

ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳು ಬೆಳಗ್ಗೆ ಏಳಕ್ಕೆ ಬಾಗಿಲು ತಟ್ಟಿದರೆ ಎರಡೇ ಕಾರಣ. ಒಂದೋ ನೀರಿನ ಲಾರಿ ಬಂದಿಲ್ಲ, ಇಲ್ಲವೇ ನನ್ನ ಕಾರು ಅವರ ಜಾಗದಲ್ಲಿ ನಿಂತಿದೆ. 2022ರ ಫೆಬ್ರವರಿಯ ಆ ಭಾನುವಾರ ಮಾತ್ರ ಮೂರನೆಯದೊಂದು ಕಾರಣವಿತ್ತು. "ಸಾರ್, ಮೊಟ್ಟೈಮಾಡಿಲ ತೇನೀ" ಎಂದರು. ಮೊಟ್ಟೈಮಾಡಿ ಎಂದರೆ ತಾರಸಿ. ತೇನೀ ಏನೆಂದು ಕನ್ನಡದವರಿಗೆ ಹೇಳಬೇಕಾಗಿಲ್ಲ. ಅವರ ತೇನ್, ನಮ್ಮ ಜೇನು.

ಮೇಲೆ ಹೋಗಿ ನೋಡಿದೆ. ನೀರಿನ ಟ್ಯಾಂಕಿನ ಪೈಪಿಗೆ ಎಳೆ ಹಲಸಿನಕಾಯಿಯಷ್ಟು ದೊಡ್ಡ ಗೊಂಚಲು ಜೋತುಬಿದ್ದಿತ್ತು. ಔಷಧಿ ಹೊಡೆಯುವ ಹುಡುಗರಿಗೆ ಆಗಲೇ ಫೋನ್ ಹೋಗಿತ್ತು. ಹನ್ನೊಂದಕ್ಕೆ ಬರುತ್ತಾರಂತೆ. ಹೆಜ್ಜೇನಾಗಿದ್ದರೆ ನಾನೂ ಸುಮ್ಮನೆ ಇಳಿದುಬರುತ್ತಿದ್ದೆನೇನೋ. ಇದು ಹೆಜ್ಜೇನಲ್ಲ. ಸಣ್ಣ ಮೈ, ಹೊಟ್ಟೆಯ ಮೇಲೆ ಪಟ್ಟೆ. ತುಡುವೆ. ಇಲ್ಲಿಯವರು ಅಡುಕ್ಕುತ್ ತೇನೀ ಎನ್ನುತ್ತಾರೆ, ಕತ್ತಲ ಪೊಟರೆಯಲ್ಲಿ ಎರಿಗಳನ್ನು ಅಡಕಿಟ್ಟ ಹಾಗೆ ಸಾಲಾಗಿ ಕಟ್ಟುವುದರಿಂದ. ಎಲ್ಲಿಂದಲೋ ಪಾಲಾಗಿ ಬಂದ ಕುಟುಂಬ, ಹೊಸ ಮನೆ ಸಿಗುವವರೆಗೆ ದಣಿವಾರಿಸಿಕೊಳ್ಳುತ್ತಿತ್ತು. "ಸಂಜೆಯವರೆಗೆ ಬಿಡಿ, ನಾನೇ ತೆಗೆಯುತ್ತೇನೆ" ಎಂದುಬಿಟ್ಟೆ. ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ.

ಅಪ್ಪ ಇರುವುದು ಸುಳ್ಯ ತಾಲೂಕಿನ ತೋಟದ ಮನೆಯಲ್ಲಿ. ಆಗ ಅವರಿಗೆ 78. ಮೂವತ್ತು ವರ್ಷಗಳಿಂದ ಜೇನಿನ ಮಾತೆತ್ತಿದವರಲ್ಲ. ನಾನು ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

"ರಟ್ಟಿನ ಪೆಟ್ಟಿಗೆ ಉಂಟಾ?"

"ಉಂಟು."

"ಅಡಿಗೆ ಹಿಡಿ. ಪೈಪಿಗೆ ಒಂದೇ ಒಂದು ಗುದ್ದು ಕೊಡು. ರಾಣಿ ಬಿದ್ದರೆ ಉಳಿದವು ಹಿಂದೆಯೇ ಬರ್ತವೆ. ಮಗುಚಿ ಇಟ್ಟು ಒಂದು ಬದಿಗೆ ಕಲ್ಲು ಕೊಟ್ಟು ಸಂದು ಬಿಡು. ಕತ್ತಲಾದ ಮೇಲೆ ಮುಚ್ಚು. ಈಗ ಅವುಗಳ ಹೊಟ್ಟೆ ತುಂಬಾ ತುಪ್ಪ ಉಂಟು, ಕಚ್ಚುವ ಮನಸ್ಸಿಲ್ಲ. ನೀನು ಹೆದರಬೇಡ ಮಾರಾಯ."

ಎರಡು ನೊಣ ಕಚ್ಚಿದವು, ಅದೂ ನಾನು ಕೈ ಬೀಸಿದ್ದಕ್ಕೆ. ಪೆಟ್ಟಿಗೆಯ ಅಳತೆಯನ್ನು ಅಪ್ಪ ಫೋನಿನಲ್ಲೇ ನೆನಪಿನಿಂದ ಹೇಳಿದರು: ನ್ಯೂಟನ್ ಪೆಟ್ಟಿಗೆ, ಸಂಸಾರ ಕೋಣೆಗೆ ಏಳು ಚೌಕಟ್ಟು. ಚೌಕಟ್ಟಿಗೂ ಗೋಡೆಗೂ ನಡುವೆ ಕಾಲು ಇಂಚಿಗಿಂತ ತುಸುವೇ ಹೆಚ್ಚು. ಜಾಸ್ತಿಯಾದರೆ ಅಲ್ಲಿಯೂ ಎರಿ ಕಟ್ಟುತ್ತವೆ, ಕಡಿಮೆಯಾದರೆ ನೊಣ ನುಸುಳಲಾಗದು. ವೇಲಚೇರಿಯಲ್ಲಿ ಬಟ್ಟೆಯ ಕಪಾಟು ಮಾಡುವ ಆಚಾರಿಯೊಬ್ಬರು ಎರಡು ದಿನದಲ್ಲಿ ಮಾಡಿಕೊಟ್ಟರು. ಆ ಪೆಟ್ಟಿಗೆಗೆ ಹೆಸರು ಕೊಟ್ಟ ಫಾದರ್ ನ್ಯೂಟನ್ 1911ರಿಂದ 1917ರವರೆಗೆ ತಿರುಚಿರಾಪಳ್ಳಿ ಕಡೆಯ ಹಳ್ಳಿಯವರಿಗೆ ಜೇನು ಸಾಕುವುದನ್ನು ಕಲಿಸಿದವರು. ತಮಿಳುನಾಡಿನ ಪೆಟ್ಟಿಗೆ ನಮ್ಮ ತೋಟಕ್ಕೆ ಬಂದು, ಅಪ್ಪನ ತಲೆಯಲ್ಲಿ ಉಳಿದು, ಮತ್ತೆ ತಮಿಳುನಾಡಿಗೇ ಬಂತು.

ನಾನು ಚಿಕ್ಕವನಿದ್ದಾಗ ನಮ್ಮಲ್ಲಿ 40 ಪೆಟ್ಟಿಗೆಗಳಿದ್ದವು. ಫೆಬ್ರವರಿಯಿಂದ ಮೇ ತನಕ ತುಪ್ಪದ ಕಾಲ. ಹತ್ತಿರದ ರಬ್ಬರ್ ತೋಟಗಳಲ್ಲಿ ಹೊಸ ಎಲೆ ಚಿಗುರುವಾಗ ಎಲೆಯ ತೊಟ್ಟಿನಿಂದಲೇ ರಸ ಒಸರುತ್ತದೆ. ಹೂವು ಬೇಕೆಂದೇ ಇಲ್ಲ. ತುಪ್ಪ ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರಿ ಸಂಘಕ್ಕೆ ಹೋಗುತ್ತಿತ್ತು, ಆ ದುಡ್ಡು ನನ್ನ ಹಾಸ್ಟೆಲಿಗೆ ಬರುತ್ತಿತ್ತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ಕೇರಳ, ಕೊಡಗು, ದಕ್ಷಿಣ ಕನ್ನಡದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಗುಡಿಸಿ ಹಾಕಿತು. ರಜೆಗೆ ಮನೆಗೆ ಬಂದಾಗ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದ್ದವು. ರೋಗ ಹೋದ ಮೇಲೆ ಕೆಲವರು ಮತ್ತೆ ಶುರುಮಾಡಿದರು. ಅಪ್ಪ ಮಾಡಲಿಲ್ಲ. ನಷ್ಟಕ್ಕೆ ಹೆದರಿದರು ಎಂದು ನಾನು ತಿಳಿದುಕೊಂಡಿದ್ದೆ.

ಮೊದಲ ವರ್ಷ ನಾನು ಮಾಡಿದ ತಪ್ಪು ಹೊಸಬರೆಲ್ಲ ಮಾಡುವಂಥದ್ದೇ. ನಮ್ಮ ತಾರಸಿಯಿಂದ ಉತ್ತರಕ್ಕೆ ನೋಡಿದರೆ ಐಐಟಿ ಮತ್ತು ಗಿಂಡಿಯ ಕಾಡು ಹಸಿರು ಕಂಬಳಿಯ ಹಾಗೆ ಕಾಣುತ್ತದೆ. ತುಡುವೆ ಒಂದು, ಒಂದೂವರೆ ಕಿಲೋಮೀಟರ್ ಹಾರಿಹೋಗಿ ಬರಬಲ್ಲದು. ಬೇವು, ಹೊಂಗೆ, ಬೀದಿಬದಿಯ ಹಳದಿ ಹೂವಿನ ಮರಗಳು, ಮನೆಮನೆಯ ನುಗ್ಗೆ, ತೆಂಗು. ಈ ಊರಿನಲ್ಲಿ ಹೂವಿಗೆ ಬರವಿಲ್ಲ ಎಂದು ಗೊತ್ತಾದದ್ದೇ ಪೆಟ್ಟಿಗೆ ಇಟ್ಟ ಮೇಲೆ. ಮೇ ತಿಂಗಳಲ್ಲಿ ಮೇಲಿನ ಕೋಣೆಯಿಂದ ಎರಡು ಕಿಲೋ ತುಪ್ಪ ಸಿಕ್ಕಿತು. ಆಸೆ ತಡೆಯಲಿಲ್ಲ. ಕೆಳಗಿನ ಸಂಸಾರ ಕೋಣೆಯಲ್ಲಿ, ಮರಿಗಳ ಮೇಲ್ಭಾಗದಲ್ಲಿ ಅವು ಕೂಡಿಟ್ಟುಕೊಂಡಿದ್ದನ್ನೂ ಕೊಯ್ದುಕೊಂಡೆ. ಅಕ್ಟೋಬರಿನಲ್ಲಿ ಮಳೆ ಹಿಡಿಯಿತು. ನವೆಂಬರಿನ ಒಂದು ಬೆಳಗ್ಗೆ ಪೆಟ್ಟಿಗೆ ಖಾಲಿ. ಒಂದು ಸತ್ತ ನೊಣವೂ ಇಲ್ಲ.

"ತುಡುವೆ ಜಗಳಕ್ಕೆ ನಿಲ್ಲುವುದಿಲ್ಲ. ಹೊಟ್ಟೆಗಿಲ್ಲದಿದ್ದರೆ ಮನೆ ಬಿಟ್ಟು ಹೋಗ್ತದೆ" ಎಂದರು ಅಪ್ಪ. "ಮೇಲಿನ ಕೋಣೆಯದ್ದು ನಿನ್ನದು. ಕೆಳಗಿನದ್ದು ಅವುಗಳದ್ದು. ಅದನ್ನು ಮುಟ್ಟಿದವನು ಜೇನು ಸಾಕುವವನಲ್ಲ, ಜೇನು ಕೀಳುವವನು." ಹೊಟ್ಟೆಪಾಡಿಗೆ ಮನೆ ಬಿಟ್ಟು ಬಂದವನಿಗೆ ಈ ಮಾತು ಸ್ವಲ್ಪ ತಾಗಿತು. ಅಪ್ಪ ಆ ಅರ್ಥದಲ್ಲಿ ಹೇಳಿದ್ದಲ್ಲ.

2023ರ ಜನವರಿಯಲ್ಲಿ ಚೆಂಗಲ್‌ಪಟ್ಟು ಕಡೆಯ ಒಬ್ಬರಿಂದ ಒಂದು ಕುಟುಂಬ ಕೊಂಡು ತಂದೆ. ಅವರು ತಂದಿದ್ದು ಮಾರ್ತಾಂಡಂನಿಂದ. 1924ರಲ್ಲಿ ವೈ.ಎಂ.ಸಿ.ಎ.ಯ ಸ್ಪೆನ್ಸರ್ ಹ್ಯಾಚ್ ಜೇನು ಸಾಕಣೆ ಕಲಿಸತೊಡಗಿದ ಊರು ಅದು; ಇಂದಿಗೂ ತಮಿಳುನಾಡಿನಲ್ಲಿ ಜೇನು ಎಂದರೆ ಅದೇ ಹೆಸರು. ಈ ಸಲ ಅಪ್ಪ ಹೇಳಿದಂತೆ ನಡೆದುಕೊಂಡೆ. ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು, ಇರುವೆ ಹತ್ತದಂತೆ. ಟ್ಯಾಂಕಿನ ನೆರಳಿನಲ್ಲಿ ಪೆಟ್ಟಿಗೆ. ಬಾಗಿಲು ಬಟ್ಟೆ ಒಣಹಾಕುವ ಹಗ್ಗದ ಕಡೆಗಲ್ಲ, ಬಯಲಿಗೆ. ಮಣ್ಣಿನ ತಟ್ಟೆಯಲ್ಲಿ ನೀರು, ಕೂರಲು ಬೆಣಚುಕಲ್ಲು. ಇಲ್ಲದಿದ್ದರೆ ಪಕ್ಕದವರ ನಲ್ಲಿಗೆ ಹೋಗುತ್ತವೆ, ದೂರು ನಮಗೆ ಬರುತ್ತದೆ. ಹತ್ತು ದಿನಕ್ಕೊಮ್ಮೆ ಅಡಿಹಲಗೆ ಕೆರೆದು ಚೊಕ್ಕ ಮಾಡಬೇಕು. ಮೇಣದ ಹುಳುವಿನ ಸಂಸಾರ ಶುರುವಾಗುವುದು ಅಲ್ಲಿಯ ಕಸದಲ್ಲೇ. ನೊಣ ಕೂರದ ಹಳೇ ಎರಿ ಒಳಗೆ ಉಳಿಯಬಾರದು. ಬೀದಿಯಲ್ಲಿ ಸೊಳ್ಳೆಗೆ ಹೊಗೆ ಬಿಡುವ ಸಂಜೆ ಬಾಗಿಲಿಗೆ ಜಾಲರಿ. ಮುಚ್ಚಳ ಹಾಕಿದ ಎರಿಯಿಂದ ಮಾತ್ರ ತುಪ್ಪ; ಹಸಿ ತುಪ್ಪ ನೀರಾಗಿರುತ್ತದೆ, ಹುಳಿಯುತ್ತದೆ.

ಮಾರ್ಚಿಯಲ್ಲಿ ಒಂದು ಕುಟುಂಬವನ್ನು ಎರಡು ಮಾಡಿದೆ. ಕೆಳಮನೆಯ ಮಾಮಿಯ ನುಗ್ಗೆ ಆ ವರ್ಷ ಚೆನ್ನಾಗಿ ಕಾಯಿ ಬಿಟ್ಟಿತು. ನನ್ನ ಜೇನಿನಿಂದಲೇ ಎಂದು ನಾನು ಹೇಳಲಿಲ್ಲ. ಅವರೇ ಎಲ್ಲರಿಗೂ ಹೇಳಿದರು, ನಾನು ಬೇಡ ಎನ್ನಲಿಲ್ಲ. ಮೊದಲ ಮಹಡಿಯ ಟೀಚರ್ ಒಂದು ಕುಟುಂಬ ಬೇಕೆಂದರು. ಅವರ ತಮ್ಮ ತೆಂಕಾಶಿಯ ಹತ್ತಿರ ಜೇನು ಸಾಕುತ್ತಾರೆ, ಹತ್ತು ಪೆಟ್ಟಿಗೆ, ಅದಕ್ಕೆ ಹನ್ನೊಂದನೆಯದು. ಫೆಬ್ರವರಿಯಲ್ಲಿ ಪಾಲು ಮಾಡಿ ಕೊಡುತ್ತೇನೆ ಎಂದು ಒಪ್ಪಿಕೊಂಡೆ. ಅವರು ಮುಂಗಡವೂ ಕೊಟ್ಟರು.

ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂತು. ವೇಲಚೇರಿಯಲ್ಲಿದ್ದವರಿಗೆ 2023ರ ಡಿಸೆಂಬರ್ 3, 4 ಎಂದರೆ ಸಾಕು, ವಿವರ ಬೇಡ. ಕೆಳಗೆ ಕಾರುಗಳು ಮುಳುಗಿದ್ದವು, ಕರೆಂಟಿಲ್ಲ, ಹಾಲಿಲ್ಲ. ಪೆಟ್ಟಿಗೆಗಳನ್ನು ಟ್ಯಾಂಕಿನ ಕಂಬಕ್ಕೆ ಹಗ್ಗದಿಂದ ಬಿಗಿದು, ಮುಚ್ಚಳದ ಮೇಲೆ ಇಟ್ಟಿಗೆ ಹೇರಿದ್ದೆ. ಮಳೆ ನಿಂತ ಮೇಲೂ ನೊಣಗಳಿಗೆ ಹೊರಗೆ ಏನೂ ಸಿಗುತ್ತಿರಲಿಲ್ಲ. ಮನೆಯಲ್ಲಿದ್ದ ಸಕ್ಕರೆಗೆ ಅಷ್ಟೇ ನೀರು ಬೆರೆಸಿ ಪಾನಕ ಮಾಡಿ ಇಟ್ಟೆ. "ನಮಗೆ ಕಾಫಿಗೆ ಬೆಲ್ಲ, ನಿಮ್ಮ ನೊಣಗಳಿಗೆ ಸಕ್ಕರೆ" ಎಂದಳು ಹೆಂಡತಿ. ಬೆಲ್ಲ ಕೊಟ್ಟರೆ ಅವುಗಳಿಗೆ ಹೊಟ್ಟೆ ಕೆಡುತ್ತದೆ ಎಂದೆ. "ಪರವಾಗಿಲ್ಲ, ನಮ್ಮ ಹೊಟ್ಟೆ ಗಟ್ಟಿ" ಎಂದಳು.

ಜನವರಿಯ ಕೊನೆಯಲ್ಲಿ ಒಂದು ಪೆಟ್ಟಿಗೆ ತೆರೆದಾಗ ಎರಿಯಲ್ಲಿ ಅಲ್ಲಲ್ಲಿ ತೂತು. ಮರಿಗಳು ಕೋಶದೊಳಗೆ ಅಂಗಾತ ಚಾಚಿಕೊಂಡು ಸತ್ತಿದ್ದವು, ತಲೆ ಮಾತ್ರ ದೋಣಿಯ ಮೂತಿಯ ಹಾಗೆ ಮೇಲಕ್ಕೆ. ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲ. ಫೋಟೋ ತೆಗೆದು ಅಪ್ಪನ ವಾಟ್ಸಾಪಿಗೆ ಕಳಿಸಿದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ರಾತ್ರಿ ಒಂಬತ್ತೂವರೆಗೆ, ಅವರು ಮಲಗುವ ಹೊತ್ತು ದಾಟಿದ ಮೇಲೆ, ಫೋನ್ ಬಂತು.

"ಯಾರಿಗಾದರೂ ಕೊಟ್ಟಿದ್ದೀಯಾ?"

"ಇಲ್ಲ. ಮುಂದಿನ ತಿಂಗಳು ಕೊಡಬೇಕು. ಕೊಡುವುದು ಇನ್ನೊಂದು ಪೆಟ್ಟಿಗೆಯಿಂದ, ಅದು ಚೆನ್ನಾಗಿದೆ ಅಪ್ಪ. ಮುಂಗಡ ತಗೊಂಡಾಗಿದೆ."

ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು. 1991ರ ಮಳೆಗಾಲ ಮುಗಿದ ಮೇಲೆ ನಮ್ಮ ಎರಡು ಪೆಟ್ಟಿಗೆಗಳಲ್ಲಿ ಇದೇ ಕಂಡಿತ್ತಂತೆ. ಥಂಡಿಗೆ ಮರಿ ಸತ್ತಿರಬೇಕು ಎಂದುಕೊಂಡರಂತೆ. ಅದೇ ವಾರ ಹೊಳೆಯಾಚೆಯ ಮನೆಯವರಿಗೆ ನಾಲ್ಕು ಕುಟುಂಬ ಕೊಡುವುದಿತ್ತು. ಅವರಿಗೆ ತೋಟ ಕಡಿಮೆ, ಜೇನೇ ಜೀವನ, 60 ಪೆಟ್ಟಿಗೆ.

"ಮುಂಗಡ ತಗೊಂಡಿದ್ದೆ. ನಿನ್ನ ಹಾಸ್ಟೆಲಿಗೆ ಕಟ್ಟಿ ಆಗಿತ್ತು. ಚೆನ್ನಾಗಿದ್ದ ನಾಲ್ಕು ನೋಡಿ ಕೊಟ್ಟೆ."

"ರೋಗ ಅಂತ ಗೊತ್ತಿತ್ತಾ ಅಪ್ಪ?"

"ರೋಗ ಅಂತ ಗೊತ್ತಿರಲಿಲ್ಲ. ಎಂತದೋ ಸರಿ ಇಲ್ಲ ಅಂತ ಗೊತ್ತಿತ್ತು."

ಮೂರು ತಿಂಗಳಲ್ಲಿ ಆಚೆ ಮನೆಯ 60 ಪೆಟ್ಟಿಗೆಯೂ ಖಾಲಿ. ಜಿಲ್ಲೆಗೆ ಜಿಲ್ಲೆಯೇ ಖಾಲಿಯಾದದ್ದರಿಂದ ಯಾರೂ ಯಾರನ್ನೂ ಕೇಳಲಿಲ್ಲ. "ಅಲ್ಲಿಗೆ ಹೇಗೂ ಬರ್ತಿತ್ತಲ್ಲ ಅಪ್ಪ" ಎಂದೆ. "ಬರ್ತಿತ್ತು. ಆದರೆ ನನ್ನ ಕೈಯಿಂದ ಹೋಯಿತು" ಎಂದರು. ನಾನು ಆ ಹಾಸ್ಟೆಲಿನಲ್ಲಿ ಎರಡು ವರ್ಷ ಉಂಡಿದ್ದೇನೆ. ಮಾತು ಮುಂದುವರಿಸಲು ಏನೂ ತೋಚಲಿಲ್ಲ.

ಮರುದಿನ ಟೀಚರ್‌ಗೆ ಮುಂಗಡ ವಾಪಸು ಕೊಟ್ಟು ಕಾರಣ ಹೇಳಿದೆ. ಅವರಿಗೆ ಬೇಸರವಾಯಿತು, ತಮ್ಮ ಆಗಲೇ ಸ್ಟ್ಯಾಂಡ್ ನೆಟ್ಟಾಗಿದೆ, ಇನ್ನೊಂದು ಪೆಟ್ಟಿಗೆ ಚೆನ್ನಾಗಿಯೇ ಇದೆಯಲ್ಲ ಎಂದರು. ಮೇಲೆ ಕರೆದುಕೊಂಡು ಹೋಗಿ ಆ ಚೀಲ ತೋರಿಸಿದೆ. ಮತ್ತೆ ಕೇಳಲಿಲ್ಲ.

ಈ ರೋಗ ವೈರಸ್ಸಿನದು, ಔಷಧಿಯಿಲ್ಲ. ಮಾಡಬಹುದಾದದ್ದು ಕಾಯುವುದು. ರಾಣಿಯನ್ನು ಸಣ್ಣ ಜಾಲರಿಯ ಪಂಜರದಲ್ಲಿ ಮೂರು ವಾರ ಇಟ್ಟೆ. ಮೊಟ್ಟೆಯಿಲ್ಲದಿದ್ದರೆ ಮರಿಯಿಲ್ಲ, ಮರಿಯಿಲ್ಲದಿದ್ದರೆ ರೋಗಕ್ಕೆ ಬೆಳೆಯಲು ಜಾಗವಿಲ್ಲ. ಅಷ್ಟರಲ್ಲಿ ನೊಣಗಳು ಕೋಶಗಳನ್ನು ಚೊಕ್ಕ ಮಾಡಿಕೊಳ್ಳುತ್ತವೆ. ರೋಗದ ಎರಿಗಳನ್ನು ಸುಟ್ಟೆ. ಒಂದು ಪೆಟ್ಟಿಗೆಯ ಚೌಕಟ್ಟು ಇನ್ನೊಂದಕ್ಕೆ ಹೋಗಲಿಲ್ಲ. ಒಂದನ್ನು ಮುಟ್ಟಿದ ಕೈ ತೊಳೆಯದೆ ಇನ್ನೊಂದನ್ನು ಮುಟ್ಟಲಿಲ್ಲ. ಚೆನ್ನಾಗಿದ್ದ ಪೆಟ್ಟಿಗೆಯಲ್ಲಿ ಫೆಬ್ರವರಿಯ ಎರಡನೇ ವಾರ ರೋಗ ಕಂಡಿತು. ಹೇಳಿದ ತಾರೀಖಿಗೆ ಪಾಲು ಕೊಟ್ಟಿದ್ದರೆ ಅದು ಆಗ ತೆಂಕಾಶಿಯಲ್ಲಿರುತ್ತಿತ್ತು.

ಮೊದಲು ರೋಗ ಬಂದ ಪೆಟ್ಟಿಗೆ ಮಾರ್ಚಿಯಲ್ಲಿ ಸತ್ತಿತು. ಎರಡನೆಯದು ಕುಗ್ಗಿ ಕುಗ್ಗಿ ಮೂರು ಎರಿಗೆ ಬಂದು, ಹೊಂಗೆ ಹೂವಿನ ಹೊತ್ತಿಗೆ ಚೇತರಿಸಿಕೊಂಡಿತು. "ಉಳಿದದ್ದೇ ತಳಿ. ಅದರಿಂದಲೇ ಮುಂದೆ ಪಾಲು ಮಾಡು. ಆದರೆ ಒಂದು ಮಳೆಗಾಲ, ಒಂದು ಚಳಿಗಾಲ ನೋಡದೆ ಕೊಡಬೇಡ" ಎಂದರು ಅಪ್ಪ. ಆ ವರ್ಷ ತುಪ್ಪ ತೆಗೆಯಲಿಲ್ಲ. 2025ರ ಫೆಬ್ರವರಿಯಲ್ಲಿ ಪಾಲು ಮಾಡಿ, ಒಂದು ತಿಂಗಳು ನೋಡಿ, ಟೀಚರ್‌ಗೆ ಕೊಟ್ಟೆ. ಮೊದಲು ಹತ್ತು ಪೆಟ್ಟಿಗೆಗಳಿಂದ ದೂರ ಇಡಲು ಅವರ ತಮ್ಮನಿಗೆ ಹೇಳಿ ಎಂದೆ. ದುಡ್ಡು ತೆಗೆದುಕೊಳ್ಳಲಿಲ್ಲ.

ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ವೇಲಚೇರಿಯ ಒಂದು ಬಾಟಲಿ ತುಪ್ಪ ಒಯ್ದೆ. ಅಪ್ಪ ಬೆರಳಿಗೆ ಹಚ್ಚಿ ನೆಕ್ಕಿ, "ಬೇವು" ಎಂದರು. ಸ್ವಲ್ಪ ಹೊತ್ತಾದ ಮೇಲೆ ಬಾಟಲಿಯ ಮುಚ್ಚಳ ಬಿಗಿ ಮಾಡಿ, "ಹೊಳೆಯಾಚೆ ಹೋಗಿ ಬರುವಾ" ಎಂದರು. ಆಚೆ ಮನೆಯ ಹಿರಿಯರು ತೀರಿಕೊಂಡು ಹತ್ತು ವರ್ಷವಾಯಿತು. ಈಗ ಮಗ ಇರುವುದು. ಅಂಗಳದ ಹತ್ತಿರ ಕಾರು ನಿಲ್ಲಿಸಿದೆ. "ನೀನು ಇಲ್ಲೇ ಇರು" ಎಂದು ಅಪ್ಪ ಬಾಟಲಿ ಹಿಡಿದುಕೊಂಡು ಒಬ್ಬರೇ ಒಳಗೆ ಹೋದರು.

ಅರ್ಧ ಗಂಟೆ ಬಿಟ್ಟು ಬಂದರು. ಏನು ಮಾತಾಯಿತು ಎಂದು ನಾನು ಕೇಳಲಿಲ್ಲ. ಸೇತುವೆ ದಾಟುವವರೆಗೂ ಅವರೂ ಹೇಳಲಿಲ್ಲ. ಆಮೇಲೆ ಕಿಟಕಿಯ ಕಡೆ ನೋಡುತ್ತಾ ಹೇಳಿದರು:

"ಅವನು ಈಗ ಮುಜಂಟಿ ಇಟ್ಟಿದ್ದಾನೆ ಮಾರಾಯ. ಎಂಟು ಮಡಕೆ."