ಬಳಪ ತಿಂದವರು

ಒಂದನೇ ಕ್ಲಾಸಿನಲ್ಲಿ ನಾನು ಬಳಪದಿಂದ ಬರೆದದ್ದಕ್ಕಿಂತ ಬಳಪ ತಿಂದದ್ದೇ ಹೆಚ್ಚು. ಹೆಮ್ಮೆಯಿಂದ ಹೇಳುತ್ತಿಲ್ಲ, ಹಾಗಂತ ನಾಚಿಕೆಯೂ ಇಲ್ಲ. ಸಗಣಿ ಸಾರಿಸಿದ ನೆಲದಲ್ಲಿ ನಮ್ಮ ಸಾಲಿಗೆ ಏಳು ಜನ ಕೂರುತ್ತಿದ್ದೆವು, ಅದರಲ್ಲಿ ಐದು ಜನ ತಿನ್ನುವವರೇ. ಉಳಿದಿಬ್ಬರು ಕದ್ದು ತಿನ್ನುತ್ತಿದ್ದರೆಂದು ನನಗೆ ಇವತ್ತಿಗೂ ಗುಮಾನಿ. ಹೊಸ ಬಳಪದ ತುದಿಯನ್ನು ನಾಲಗೆಗೆ ತಾಗಿಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಮೂಗಿಗಲ್ಲ, ನೇರ ಬಾಯಿಗೇ ಬರುತ್ತದೆ. ಆಮೇಲೆ ಹಲ್ಲು ಸುಮ್ಮನಿರುವುದಿಲ್ಲ. ಕರಕ್ ಎಂದು ಮುರಿದು, ಪುಡಿಯಾಗಿ, ಒಂದು ಗುಟುಕು ಎಂಜಲಿನ ಜೊತೆ ನುಣ್ಣಗೆ ಇಳಿದುಹೋಗುತ್ತದೆ. ರುಚಿ ಏನು ಅಂದರೆ ಏನೂ ಇಲ್ಲ. ಆದರೂ ಇನ್ನೊಂದು ಚೂರು ಬೇಕೆನಿಸುತ್ತದೆ.

ಅವ್ವ ನನ್ನ ತುಟಿಯ ಮೇಲಿನ ಬಿಳಿ ಕಂಡು, "ಹೊಟ್ಟೇಲಿ ಹುಳ ಆಗ್ತವೆ ಕಣೋ, ಉಗಿ" ಎಂದು ಬೆನ್ನಿಗೆ ಗುದ್ದುತ್ತಿದ್ದಳು. ಅಜ್ಜಿ ಮಾತ್ರ ನನ್ನ ಪಕ್ಷ. "ಬಿಡವ್ವ, ನಾನೂ ಬಸುರಿಲಿ ತಿಂದಿದ್ದೆ. ಇವನಪ್ಪ ಗುಂಡುಕಲ್ಲಿನಂಗೆ ಹುಟ್ಟಲಿಲ್ವಾ?" ಅನ್ನುತ್ತಿದ್ದಳು. ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಇದು 1968ರ ಮಾತು. ನಮ್ಮೂರು ಹಾಸನ ಜಿಲ್ಲೆಯ ಒಂದು ಹಳ್ಳಿ. ಸ್ಲೇಟು ನನಗೆ ಅಕ್ಕನಿಂದ ಬಂದದ್ದು. ಅಕ್ಕನಿಗೆ ಅದು ಚಿಕ್ಕಪ್ಪನಿಂದ ಬಂದಿತ್ತು. ಮೂರನೆಯ ಕೈಗೆ ಬರುವಷ್ಟರಲ್ಲಿ ಬಲಗಡೆಯ ಮೇಲಿನ ಮೂಲೆ ಹಾರಿಹೋಗಿ, ಮರದ ಕಟ್ಟಿನ ಒಂದು ಸಂದು ಸಡಿಲವಾಗಿ, ಅಪ್ಪ ಅದಕ್ಕೆ ತೆಳು ತಂತಿ ಸುತ್ತಿದ್ದ. ಆಗಿನ್ನೂ ತಗಡಿನ ಸ್ಲೇಟು ನಮ್ಮ ಕಡೆ ಬಂದಿರಲಿಲ್ಲ. ಇದು ಕಲ್ಲಿನದು, ಬಿದ್ದರೆ ಮುಗಿಯಿತು. ಮೊಣಕಾಲ ಮೇಲಿಟ್ಟುಕೊಂಡರೆ ಚಳಿಗಾಲದ ಬೆಳಿಗ್ಗೆ ತೊಡೆ ಥಣ್ಣಗಾಗುತ್ತಿತ್ತು. ಆಂಧ್ರದ ಮಾರ್ಕಾಪುರ ಅನ್ನುವ ಊರು ಸ್ಲೇಟಿನ ಕಲ್ಲಿಗೇ ಹೆಸರುವಾಸಿ ಎಂದು ತಿಳಿದದ್ದು ದೊಡ್ಡವನಾದ ಮೇಲೆ. ಆಗ ನಾವು ಸ್ಲೇಟು ಸಂತೆಯಲ್ಲಿ ಹುಟ್ಟುತ್ತದೆ ಅಂದುಕೊಂಡಿದ್ದೆವು.

ಮೊದಲ ದಿನ ಮೇಷ್ಟ್ರು ಆ ಮುರುಕು ಮೂಲೆ ತಪ್ಪಿಸಿ, ಸ್ಲೇಟಿನ ತುಂಬ ಒಂದೇ ಒಂದು 'ಅ' ಬರೆದು, "ತಿದ್ದು" ಎಂದು ಕೈಗೆ ಕೊಟ್ಟರು. ಅದರ ಮೇಲೇ ಬಳಪ ಓಡಿಸಬೇಕು. ನಾನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತಿದ್ದಿದೆ. ಮೇಷ್ಟ್ರ ಸಣಕಲು 'ಅ' ದಪ್ಪವಾಗಿ, ಹೊಟ್ಟೆ ಬಂದು, ಕೊನೆಗೆ ತಿಂದುಂಡ ಎಮ್ಮೆಯ ಹಾಗೆ ಮಲಗಿಕೊಂಡಿತು. ತಪ್ಪು ಸರಿಮಾಡುವುದಕ್ಕೂ ತಿದ್ದುವುದು ಅಂತಲೇ ಅನ್ನುತ್ತಾರೆ ಎಂದು ಆಗ ಗೊತ್ತಿರಲಿಲ್ಲ. ಸರಿಯಾಗಿದ್ದದ್ದನ್ನೇ ಮತ್ತೆ ಮತ್ತೆ ತಿದ್ದಿ ಕೆಡಿಸುವ ಆ ವಿದ್ಯೆ ಮುಂದೆ ಸರ್ಕಾರಿ ನೌಕರಿಯಲ್ಲಿ ನನ್ನ ಕೈಬಿಡಲಿಲ್ಲ.

ಸ್ಲೇಟು ಒರೆಸುವುದಕ್ಕೆ ಒದ್ದೆ ಬಟ್ಟೆ ತರಬೇಕೆಂಬುದು ಕಾನೂನು. ಕಾನೂನು ಪಾಲಿಸುತ್ತಿದ್ದವಳು ಶಾನುಭೋಗರ ಮಗಳು ಒಬ್ಬಳೇ. ನಮಗೆಲ್ಲ ಎಂಜಲು ಮತ್ತು ಅಂಗಿಯ ತೋಳು. ವಾರಕ್ಕೊಮ್ಮೆ, ಶನಿವಾರದ ಬೆಳಗಿನ ಶಾಲೆ ಬಿಟ್ಟಮೇಲೆ, ತೊಂಡೆಸೊಪ್ಪನ್ನೂ ಇದ್ದಿಲನ್ನೂ ಸೇರಿಸಿ ಅರೆದು ಸ್ಲೇಟಿಗೆ ಬಳಿಯುತ್ತಿದ್ದೆವು. ದೊಡ್ಡ ಹುಡುಗರು ಅದನ್ನೇ ಗೋಡೆಯ ಕರಿಹಲಗೆಗೆ ಬಳಿಯುತ್ತಿದ್ದರು. ಸೋಮವಾರ ಶಾಲೆಗೆ ಶಾಲೆಯೇ ಹಸಿರು ವಾಸನೆ.

ಕಲ್ಲಿನ ಸ್ಲೇಟಿಗೊಂದು ಶತ್ರು ಇತ್ತು, ಮಳೆ. ಮನೆಯಲ್ಲಿ ಬುಡ್ಡಿದೀಪದ ಮುಂದೆ ಕೂತು ಏಳರ ಮಗ್ಗಿ ಬರೆದು, ಬೆಳಿಗ್ಗೆ ಗೋಣಿಕೊಪ್ಪೆ ಹೊದ್ದು ಹೊರಟರೆ, ಹಳ್ಳ ದಾಟುವ ಹೊತ್ತಿಗೆ ಏಳೆರಡ್ಲೆಯಿಂದ ಏಳೆಂಟ್ಲೆಯವರೆಗೆ ಎಲ್ಲವೂ ಹಳ್ಳದ ಪಾಲು. "ಸಾ, ಮಳೆ ಬಂದು ಅಳಿಸೋಯ್ತು ಸಾ." ಮೇಷ್ಟ್ರು ಸ್ಲೇಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಿಜವಾಗಿ ಬರೆದಿದ್ದರೆ ಒಣಗಿದ ಮೇಲೆ ಬಿಳಿಯ ಮಂಜಿನಂಥ ಕಲೆ ಉಳಿದಿರುತ್ತದೆ, ಬರೆಯದವನ ಸ್ಲೇಟು ಬರೀ ಕಪ್ಪು. ಈ ಪತ್ತೇದಾರಿಕೆ ನಮಗೂ ಗೊತ್ತಾದ ಮೇಲೆ ಬರೆಯದವರೂ ಬಳಪ ಉಜ್ಜಿ, ಹಳ್ಳದ ನೀರು ಸವರಿ ತರತೊಡಗಿದರು. ಒಂದು ಸಲ ನಾನು ನಿಜಕ್ಕೂ ಬರೆದಿದ್ದೆ. ಮಳೆ ನಿಜಕ್ಕೂ ಬಂದಿತ್ತು. ಅವತ್ತೇ ನನಗೆ ಏಟು ಬಿತ್ತು. ಐವತ್ತೈದು ವರ್ಷ ದಾಟಿದರೂ ಆ ಏಟಿನ ಲೆಕ್ಕ ಚುಕ್ತಾ ಆಗಿಲ್ಲ.

ಏಟು ಕೊಡಿಸಿದವನು ಮಾನಿಟರ್. ಮೇಷ್ಟ್ರು ಅಂಚೆ ಕೆಲಸವನ್ನೂ ನೋಡಿಕೊಳ್ಳುತ್ತಿದ್ದುದರಿಂದ ಅರ್ಧ ದಿನ ಶಾಲೆ ಅವನ ಕೈಯಲ್ಲೇ. ಈ ಮಾನಿಟರ್ ಎಂಬ ಪ್ರಾಣಿ ಎಲ್ಲಿಂದ ಬಂತು ಎಂಬ ಸಿಟ್ಟು ನನಗೆ ಹಳೆಯದು. ಉತ್ತರ ಸಿಕ್ಕಿದ್ದು ನಿವೃತ್ತನಾಗಿ ಹಳೆಯ ವರದಿಗಳನ್ನು ಓದುವ ಚಟ ಹತ್ತಿದ ಮೇಲೆ. ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಗೆ ಮುಖ್ಯಸ್ಥನಾದ. ಅವನು ಹೀಗೇ ಹೋಗುತ್ತಿದ್ದಾಗ ಒಂದು ದೇಸಿ ಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ಹಾಗೇ ಕಲಿಸಿ ಅಂದರೆ ಅಲ್ಲಿನ ಉಪಾಧ್ಯಾಯ ಒಪ್ಪಲಿಲ್ಲ. ಬೆಲ್ ಎಂಟು ವರ್ಷದ ಒಬ್ಬ ಹುಡುಗನನ್ನೇ ಕರೆದು ಚಿಕ್ಕ ಮಕ್ಕಳಿಗೆ ಹೇಳಿಕೊಡಲು ಹಚ್ಚಿದ. ಕೆಲಸ ನಡೆಯಿತು. ಅದನ್ನೇ 1797ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದ, ಮದ್ರಾಸ್ ಪದ್ಧತಿ ಎಂದು ಹೆಸರಾಯಿತು. ಅದೇ ಕಾಲಕ್ಕೆ ಲಂಡನ್ನಿನ ಜೋಸೆಫ್ ಲ್ಯಾಂಕಾಸ್ಟರ್ ಎಂಬಾತ ನೂರಾರು ಬಡ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಮಾನಿಟರುಗಳ ಕೈಯಲ್ಲಿ ಪಾಠ ಹೇಳಿಸುತ್ತಿದ್ದ. ಕಾಗದಕ್ಕೆ ದುಡ್ಡೆಲ್ಲಿ ಎಂದು ಸ್ಲೇಟು ಹಿಡಿಸಿದ. ಮಕ್ಕಳಿಗೆ ಹೊಡೆಯಬಾರದು ಎನ್ನುವ ಧರ್ಮಾತ್ಮ ಅವನು. ಆದರೆ ತುಂಟರನ್ನು ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ನೇತುಹಾಕುತ್ತಿದ್ದ. ಅಂತೂ ನಮ್ಮ ಮಾನಿಟರಿನ ತಾತ ನಮ್ಮ ಕಡೆಯವನೇ ಅಂತಾಯಿತು. ಯಾರನ್ನು ಬೈಯಲಿ?

ಆ ಮರಳು ಶಾಲೆಗಳು ನಮ್ಮಲ್ಲಿ ಹೇಗಿದ್ದವು ಎಂಬುದಕ್ಕೆ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಬರೆದ ವರದಿಯೊಂದಿದೆ. ಗವರ್ನರ್ ಥಾಮಸ್ ಮನ್ರೋ ಜಿಲ್ಲೆ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ್ದಕ್ಕೆ ಕೊಟ್ಟ ಉತ್ತರ. ಇಂಥ ಉತ್ತರಗಳನ್ನೆಲ್ಲ ಧರ್ಮಪಾಲ್ ಅವರು 1983ರ ತಮ್ಮ 'ದಿ ಬ್ಯೂಟಿಫುಲ್ ಟ್ರೀ' ಪುಸ್ತಕದಲ್ಲಿ ಒಟ್ಟು ಮಾಡಿದ್ದಾರೆ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಕನ್ನಡದವು 235, ತೆಲುಗಿನವು 226, ಇಂಗ್ಲಿಷಿನದು ಒಂದು. ಈಗಿನ ಕನ್ನಡ ಶಾಲೆಗಳ ಸಂಕಟ ಬಲ್ಲವರು ಈ ಸಾಲನ್ನು ಎರಡು ಸಲ ಓದಿಕೊಳ್ಳಬೇಕು, ನಾನು ಮೂರು ಸಲ ಓದಿದೆ.

ಆದರೆ ನನಗೆ ಹಿಡಿಸಿದ್ದು ಅಂಕಿಯಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ 'ಸರಸ್ವತಿ' ಎಂದು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತ ಹೋಗುವುದು. ಮೂವತ್ತನೆಯವನಾಗಿ ಬರುವವನು ಮನೆಯಲ್ಲೇ ಉಳಿಯುತ್ತಿದ್ದನೇನೋ. ಸೋಮಾರಿಗಳಿಗೆ ಇನ್ನೊಂದು ಶಿಕ್ಷೆ ಕೂತು ಏಳುವುದು, ನಮ್ಮ ಬಸ್ಕಿಯೇ. ಬಲು ಯಾತನೆಯದು, ಆದರೆ ಬಹುಶಃ ಆರೋಗ್ಯಕ್ಕೆ ಒಳ್ಳೆಯದು ಎಂದು ಸಾಹೇಬ ಗಂಭೀರವಾಗಿ ಷರಾ ಬರೆದಿದ್ದಾನೆ. ನಮ್ಮ ಮೇಷ್ಟ್ರೂ ಇದನ್ನೇ ಹೇಳುತ್ತಿದ್ದರು, ವರದಿ ಓದದೆ.

ಬರೆಯುವ ಸಾಮಾನಿನ ವಿಷಯಕ್ಕೆ ಬಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮೊದಲು ಮರಳು, ಆಮೇಲೆ ಎರಡು ಥರದ ಸ್ಲೇಟು ಎನ್ನುತ್ತಾನೆ. ಒಂದು ಮರದ ಹಲಗೆ, ಮೂರಡಿ ಉದ್ದ, ಒಂದಡಿ ಅಗಲ, ಅಕ್ಕಿಗಂಜಿಗೆ ಇದ್ದಿಲಪುಡಿ ಕಲಸಿ ಬಳಿದದ್ದು. ಇನ್ನೊಂದು ಬಟ್ಟೆಯದು. ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಚಿ, ಇದ್ದಿಲು ಅಂಟು ಹಚ್ಚಿದ್ದು. ಎರಡರ ಮೇಲೂ ಬರೆಯುವುದು ಬಳಪದಲ್ಲಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಬಟ್ಟೆಯದರ ಹೆಸರು ಕಡತ!

ನಾನು ಸರ್ಕಾರಿ ಕಚೇರಿಯಲ್ಲಿ ಸಹಾಯಕನಾಗಿ ಮೂವತ್ತೈದು ವರ್ಷ ದುಡಿದವನು. ಕಡತ ತೆರೆ, ಕಡತ ಮಂಡಿಸು, ಕಡತ ಮುಕ್ತಾಯಗೊಳಿಸು ಎಂದು ದಿನಕ್ಕೆ ಇಪ್ಪತ್ತು ಸಲ ಬರೆದಿದ್ದೇನೆ. ಯಾವ ಪುಣ್ಯಾತ್ಮ ಫೈಲಿಗೆ ಈ ಪದ ಕೊಟ್ಟನೋ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕಡತ ಮಕ್ಕಳದ್ದಷ್ಟೇ ಆಗಿರಲಿಲ್ಲ. ವ್ಯಾಪಾರಿಗಳ ಲೆಕ್ಕ, ಶಾನುಭೋಗರ ಬರಹ ಎಲ್ಲ ಅದರಲ್ಲೇ. ಶೃಂಗೇರಿ ಮಠದ ಹಳೆಯ ದಾಖಲೆಗಳೂ ಕಡತಗಳಲ್ಲಿವೆ. ಹುಣಸೆಬೀಜದ ಅಂಟು ಹಚ್ಚಿದ ಕಡತವೂ ಇತ್ತು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಕಡತವನ್ನು ವರ್ಣಿಸಿದ್ದಾನೆ. ಒರೆಸಿದರೆ ಹೋಗುವ ವಸ್ತುವಿನ ಹೆಸರು, ಏನು ಮಾಡಿದರೂ ಹೋಗದ ವಸ್ತುವಿಗೆ ಅಂಟಿಕೊಂಡಿತು. ನನ್ನ ಮೇಜಿನ ಮೇಲೆ ಹದಿನೇಳು ವರ್ಷ ಕೂತ ಒಂದು ಕಡತವಿತ್ತು. ಅದನ್ನು ಮಳೆಗೆ ಹಿಡಿಯಬೇಕಿತ್ತು ಎಂದು ಈಗ ಅನಿಸುತ್ತದೆ.

ಇನ್ನು ಬಳಪ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ನಮ್ಮನ್ನು ಎರಡು ಎತ್ತಿನಗಾಡಿಗಳಲ್ಲಿ ತುಂಬಿಕೊಂಡು ಹಳೇಬೀಡಿಗೆ ಕರೆದೊಯ್ದರು. ಆನೆಸಾಲು, ಕುದುರೆಸಾಲು ತೋರಿಸಿ, "ಇದೆಲ್ಲ ಬಳಪದ ಕಲ್ಲು ಕಣ್ರೋ" ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟು ದೊಡ್ಡ ಬಳಪವನ್ನು ಜನ್ಮದಲ್ಲಿ ಕಂಡಿರಲಿಲ್ಲ. ನಮ್ಮ ಸಾಲಿನ ಒಬ್ಬ ಕೈಯೆತ್ತಿ, "ಸಾ, ತಿನ್ಬೋದಾ ಸಾ?" ಎಂದು ಕೇಳಿ ಕಿವಿ ಹಿಂಡಿಸಿಕೊಂಡ. ಅವನೇ ಆಮೇಲೆ ಹೊರಗಿನ ಬಯಲಲ್ಲಿ ಬಿದ್ದಿದ್ದ ಚೂರೊಂದನ್ನು ಹೆಕ್ಕಿ ಗಾಡಿಯ ಹಲಗೆಯ ಮೇಲೆ ಗೀಚಿದ. ತೆಳ್ಳಗೆ, ಬೂದುಬಿಳಿಯಾಗಿ, ಗೆರೆ ಬಂತು. ನಾವು ಏಳು ಜನವೂ ಗೀಚಿ ನೋಡಿದೆವು. ಯಾರೂ ತಿನ್ನಲಿಲ್ಲ. ದೇವರ ಕಲ್ಲು ಎಂಬ ಭಯ.

ಮೇಷ್ಟ್ರು ಹೇಳಿದ್ದು ಸರಿಯೇ. ಗಣಿಯಿಂದ ತೆಗೆದಾಗ ಆ ಕಲ್ಲು ಉಳಿಗೆ ಸುಲಭವಾಗಿ ಒಪ್ಪುವಷ್ಟು ಮೆದು, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಹೊಯ್ಸಳರ ಶಿಲ್ಪಿಗಳು ಸೊಂಟದ ಡಾಬಿನ ಒಂದೊಂದು ಮಣಿಯನ್ನೂ ಬಿಡಿಸಿಟ್ಟದ್ದು. ಅವರು ತಮ್ಮ ಹೆಸರನ್ನೂ ಕೆತ್ತಿದರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಅವರು ಬಳಪದ ಕಲ್ಲಿನ ಮೇಲೆ ಬರೆದದ್ದನ್ನು ಇವತ್ತಿಗೂ ಓದಬಹುದು. ನಾವು ಬಳಪದಿಂದ ಬರೆದ ನಮ್ಮ ಹೆಸರು ಮಧ್ಯಾಹ್ನದ ಉಪ್ಪಿಟ್ಟಿನ ಗಂಟೆಯೊಳಗೆ ಎಂಜಲಲ್ಲಿ ಹೋಗುತ್ತಿತ್ತು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವಪರಂಪರೆಯ ಪಟ್ಟಿಗೆ ಸೇರಿದವೆಂದು ಪೇಪರಿನಲ್ಲಿ ಓದಿ, ಹೆಂಡತಿಯನ್ನು ಕರೆದುಕೊಂಡು ಹಳೇಬೀಡಿಗೆ ಹೋದೆ. ಆಗಷ್ಟೇ ಮಳೆ ನಿಂತಿತ್ತು. ಗೋಡೆ ಒದ್ದೆಯಾಗಿ, ಆಗ ತಾನೇ ಒರೆಸಿದ ಸ್ಲೇಟಿನ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಗೈಡು ಯಾರಿಗೋ ಇಂಗ್ಲಿಷಿನಲ್ಲಿ ಹೇಳಿಕೊಡುತ್ತಿದ್ದ. ನಾನು ಆನೆಸಾಲಿನ ಮುಂದೆ ಬಗ್ಗಿ, ಮೂಗನ್ನು ಕಲ್ಲಿಗೆ ಒಂದು ಗೇಣಿನಷ್ಟು ಹತ್ತಿರ ಒಯ್ದು ಉಸಿರೆಳೆದುಕೊಂಡೆ. ಅದೇ ವಾಸನೆ. ಬಾಯಲ್ಲಿ ನೀರೂರಿತು.

ಹಿಂದಿನಿಂದ ಹೆಂಡತಿ ನನ್ನ ಅಂಗಿ ಹಿಡಿದೆಳೆದಳು. "ಏನ್ರೀ ಅದು, ಜನ ನೋಡ್ತಿದಾರೆ. ನೆಕ್ಕಿಗಿಕ್ಕೀರ!"