‘ತರ್ಕ’ದ ಕ್ಯಾಸೆಟ್ಟು



ನಾವು ಸಣ್ಣವರಿದ್ದಾಗ ನಮ್ಮೂರ ಗುಡಿ ಮುಂದ ವಿಡಿಯೋ ಹಾಕಿದ್ರ, ನಮ್ಮ ಮಂದಿ ಹಿಂದ ಚಪ್ಪಲಿ ಬಿಡೋ ಜಾಗದಾಗ ಕುಂದರಬೇಕಿತ್ತು. ಅದಕ್ಕ ಕೇರಿಯವರೇ ಪಟ್ಟಿ ಹಾಕಿ ಮೂಡಲಗಿಯಿಂದ ಟಿ.ವಿ., ವಿಸಿಆರ್ ಬಾಡಿಗಿ ತಂದ್ರು. ಆ ರಾತ್ರಿ ನೋಡಿದ್ದು ‘ತರ್ಕ’. 1989ರ ಚಿತ್ರ, ಸುನಿಲ್‌ಕುಮಾರ್ ದೇಸಾಯಿ ನಿರ್ದೇಶಿಸಿದ ಮೊದಲನೆಯದು, ಶಂಕರ್‌ನಾಗ್ ನಾಯಕ. ಒಂದೂ ಹಾಡಿಲ್ಲ, ಆದ್ರೂ ಒಬ್ರೂ ಎದ್ದು ಹೋಗಲಿಲ್ಲ. ನಮ್ಮವ್ವ ಮೊದಲ ಸಾಲಿನ್ಯಾಗ ಕುಂತಿದ್ಲು.

ಅಣ್ಣ ಅದರದೊಂದು ಕಾಪಿ ಇಟ್ಕೊಂಡಿದ್ದ. 1991ರಲ್ಲಿ ಬಾಬಾಸಾಹೇಬರ ಜನ್ಮಶತಮಾನೋತ್ಸವ. ಮೆರವಣಿಗಿ ವಿಡಿಯೋ ಮಾಡಿಸಾಕ ಹೊಸ ಕ್ಯಾಸೆಟ್ಟಿಗೆ ರೊಕ್ಕಿಲ್ಲ. ‘ತರ್ಕ’ದ ಮ್ಯಾಲೇ ತುಂಬಿಸಿದ್ವಿ. ಸಿನಿಮಾ ಅಳಿಸಿ ಹೋತು. ಹಲಗಿ ಬಡಿಯೋ ಅಪ್ಪ ಉಳಿದ.

ಮೊನ್ನೆ ಹುಕ್ಕೇರಿಯ ಅಕ್ಕನ ಮನಿಯಾಗ ಆ ಕ್ಯಾಸೆಟ್ ಸಿಕ್ತು. ಬೂಷ್ಟು ಹಿಡಿದೈತಿ. ಅಪ್ಪ ಈಗಿಲ್ಲ. ಅಂವ ನಡೆದಾಡೋ ಚಿತ್ರ ಮತ್ತೆಲ್ಲೂ ಇಲ್ಲ.

ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ವನ್ನು ರಿಸ್ಟೋರ್ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು. ಖುಷಿ ಆತು. ಮೂಲ ನೆಗೆಟಿವ್ ಕಾಪಾಡಿದ್ದಕ್ಕ ಅದು ಸಾಧ್ಯವಾತು. ಮಂದಿ ಬಾಡಿಗಿ ವಿಸಿಆರ್‌ನ್ಯಾಗ ನೋಡಿದ ‘ತರ್ಕ’ದಂಥ ಥ್ರಿಲ್ಲರ್‌ಗಳಿಗೂ ಆ ಮರ್ಯಾದಿ ಸಿಗಬೇಕು. ಆದ್ರ ಕೇರಿಯ ಕ್ಯಾಸೆಟ್ಟಿಗೆ ನೆಗೆಟಿವ್ ಇರೂದಿಲ್ಲ. ಇರೂದು ಒಂದೇ ಪ್ರತಿ. ಅದನ್ನ ನಾವೇ ಕಾಯಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಗೆಳೆಯರೇ, ಮನಿಯಾಗಿನ ಹಳೇ ಕ್ಯಾಸೆಟ್ ಗುಜರಿಗೆ ಹಾಕಬ್ಯಾಡ್ರಿ. ಬೂಷ್ಟು ಹಿಡಿದಿದ್ರ ವಿಸಿಆರ್‌ಗೆ ಹಾಕಿ ನೋಡಬ್ಯಾಡ್ರಿ, ಟೇಪು ಹರೀತೈತಿ. ಒಣ ಜಾಗದಾಗ ನಿಲ್ಲಿಸಿ ಇಡ್ರಿ, ನನಗ ತಿಳಿಸ್ರಿ. ಎಲ್ಲಾ ಕೂಡಿಸಿ, ಬಲ್ಲವರ ಕಡೆ ಡಿಜಿಟಲ್ ಮಾಡಿಸೋಣ.

ಆಗಿನಂಗ ಈಗೂ ಪಟ್ಟಿ ಹಾಕೋಣು.

ಜೈ ಭೀಮ್.