ಮೊದಲ ಶಕ್ತಿ

ಈಗಷ್ಟೇ ಬಸ್ಸಿನಲ್ಲಿ ಶಕ್ತಿ ತಂಡದ 1976ರ ಆಲ್ಬಂ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ ಕೇಳಿ ಮುಗಿಸಿದೆ. ಮಹಾವಿಷ್ಣು ಆರ್ಕೆಸ್ಟ್ರಾದ ಎಲೆಕ್ಟ್ರಿಕ್ ಅಬ್ಬರದಲ್ಲಿ ಹೆಸರು ಮಾಡಿದ್ದ ಜಾನ್ ಮೆಕ್‌ಲಾಫ್ಲಿನ್ ಅದನ್ನೆಲ್ಲ ಬಿಟ್ಟು, ಈ ತಂಡದಲ್ಲಿ ಅಕೂಸ್ಟಿಕ್ ಗಿಟಾರ್ ಹಿಡಿದು ಚಕ್ಕಳಮಕ್ಕಳ ಹಾಕಿ ಕೂತರಲ್ಲ, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಂ ಘಟದ ಜೊತೆಗೆ! ಎಂಥ ಧೈರ್ಯ ಅದು. ಆ ತಂಡದಿಂದ ಬಂದದ್ದು ಮೂರೇ ಆಲ್ಬಂ, ಆಮೇಲೆ ಚದುರಿಹೋಯಿತು. 1997ರಲ್ಲಿ ಮತ್ತೆ ಕೂಡಿತು, ಮುಂದೆ ಮ್ಯಾಂಡೊಲಿನ್ ಶ್ರೀನಿವಾಸ್, ಶಂಕರ್ ಮಹದೇವನ್ ಎಲ್ಲ ಬಂದರು. ಗ್ರ್ಯಾಮಿ ಸಿಕ್ಕಿದ್ದು 2024ರಲ್ಲಿ, ‘ದಿಸ್ ಮೊಮೆಂಟ್’ಗೆ. ಅದೇ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ಹೋಗಿಬಿಟ್ಟರು. ಪ್ರಶಸ್ತಿ ಯಾವುದಕ್ಕೇ ಬಂದಿರಲಿ, ಗಾಯಕರಿಲ್ಲದ ಆ ಮೊದಲ ಶಕ್ತಿಯೇ ನನಗೆ ಹೆಚ್ಚು. ಘಟ, ತಬಲಾ ಒಟ್ಟಿಗೆ ಓಡುವಾಗ ಬೇರೇನೂ ಬೇಡ ಅನಿಸುತ್ತದೆ. ನಿಮಗೆ ಯಾವ ಶಕ್ತಿ ಇಷ್ಟ, ಹೇಳಿ.